ನಾನು ಉಂಡ ಹಕ್ಕರಿಕಿ

ನನ್ನ ಡಾಕ್ಟರೇಟ್ ಪ್ರಬಂಧ ನಾನು ಪಾಠ ಮಾಡುವ ಕಾಲೇಜಿನ ಗ್ರಂಥಾಲಯದಲ್ಲಿದೆ. ನೀಲಿ ರಟ್ಟು, ಬಂಗಾರದ ಬಣ್ಣದ ಅಕ್ಷರ. ಎರೆಹೊಲದ ಹಿಂಗಾರಿ ಬೆಳೆಯ ನಡುವೆ ಯಾವ ಕಳೆ ಯಾವುದನ್ನು ತುಳಿದು ಮೇಲೇಳುತ್ತದೆ ಎನ್ನುವುದು ಅದರ ವಿಷಯ. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಗ್ರಾಫ್ ಇದೆ. ಕಾಂಗ್ರೆಸ್ ಕಸದ, ಅಂದರೆ ಪಾರ್ಥೇನಿಯಂ ಕಳೆಯ, ಗೆರೆ ಮೇಲಕ್ಕೆ ಹೋಗುತ್ತದೆ, ಹಕ್ಕರಿಕಿಯ ಗೆರೆ ಕೆಳಕ್ಕೆ ಇಳಿಯುತ್ತದೆ. ಆ ಗ್ರಾಫ್ ಸುಳ್ಳು. ಸುಳ್ಳೆಂದು ಗೊತ್ತಿದ್ದೇ ನಾನು ಅದಕ್ಕೆ ರಟ್ಟು ಹಾಕಿಸಿದೆ.

ಹಕ್ಕರಿಕಿ ಕಾಣದವರಿಗೆ ಎರಡು ಮಾತು ಹೇಳಬೇಕು. ದೀಪಾವಳಿಯ ಹೊತ್ತಿಗೆ ಎರೆಹೊಲದಲ್ಲಿ ತಾನಾಗಿಯೇ ಹುಟ್ಟುವ ಸಣ್ಣ ಸೊಪ್ಪು ಅದು. ನೆಲಕ್ಕೆ ಅಂಟಿಕೊಂಡು ದುಂಡಗೆ ಹರಡುತ್ತದೆ. ಎಲೆಯ ಅಂಚು ಕಚ್ಚುಕಚ್ಚು, ಚಿವುಟಿದರೆ ಬಿಳಿ ಹಾಲು. ತೊಳೆದು ಹಸಿಯದನ್ನೇ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಗಟ್ಟಿ ಮೊಸರಿನ ಜೊತೆ ತಿನ್ನುತ್ತಾರೆ. ಯಾರೂ ಅದನ್ನು ಬಿತ್ತುವುದಿಲ್ಲ, ಯಾರ ಹೊಲದಲ್ಲಿ ಕಂಡರೂ ಯಾರೂ ಚಿವುಟಬಹುದು. ಪುಸ್ತಕದ ಲೆಕ್ಕಕ್ಕೆ ಅದೂ ಒಂದು ಕಳೆ. ನಾನು ಪುಸ್ತಕದ ಕಡೆಯವಳು.

ನಮ್ಮದು ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹತ್ತಿರ ಸೀರೆ ಅಂಗಡಿಯ ಮನೆತನ. ಅಪ್ಪ ದಡಿ ಮುಟ್ಟಿ ನೂಲಿನ ನಂಬರು ಹೇಳುತ್ತಿದ್ದ, ಆದರೆ ಎರೆಮಣ್ಣು ನಮಗೆ ಚಪ್ಪಲಿಗೆ ಮೆತ್ತುವ ಕಾಟವಷ್ಟೇ. ಅಂಥ ಮನೆಯ ಹುಡುಗಿ ಹೊಲದ ಕಳೆಯ ಮೇಲೆ ಸಂಶೋಧನೆಗೆ ಹೊರಟಾಗ ಅವ್ವ, "ಕಸಾ ತಗ್ಯಾಕ ಇಷ್ಟ ಓದಬೇಕೇನ?" ಎಂದು ನಕ್ಕಿದ್ದಳು. ಅವ್ವ ಸುಮ್ಮನೆ ಚಾಷ್ಟಿ ಮಾಡಿದ್ದು. ನಾನು ಮಾತ್ರ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟಿದ್ದೆ. ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

ನನ್ನ ಮಾರ್ಗದರ್ಶಕರ ಪ್ರಶ್ನೆ ಸರಳವಾಗಿತ್ತು. ಹೊರಗಿನಿಂದ ಬಂದ ಕಾಂಗ್ರೆಸ್ ಕಸ ಎಲ್ಲೆಡೆ ಹಬ್ಬುತ್ತಿದೆ, ಇಲ್ಲಿಯದೇ ಆದ ಹಕ್ಕರಿಕಿ ಅದರ ಕೆಳಗೆ ಉಳಿಯುತ್ತದೋ ಸಾಯುತ್ತದೋ ನೋಡು ಎಂದರು. ಅಬ್ಬಿಗೇರಿಯಲ್ಲಿ ಪರಿಚಯದ ಸಾವುಕಾರರೊಬ್ಬರು ತಮ್ಮ ಕಡಲೆ ಹೊಲದ ಒಂದು ಮೂಲೆಯನ್ನು ಬಿಟ್ಟುಕೊಟ್ಟರು. ಅಲ್ಲಿ ಗೂಟ ಹೊಡೆದು, ಹಗ್ಗ ಕಟ್ಟಿ, ಮೀಟರ್ ಅಗಲದ ಇಪ್ಪತ್ತು ಚೌಕ ಮಾಡಿದೆ. ಹತ್ತು ಚೌಕದಲ್ಲಿ ಕಾಂಗ್ರೆಸ್ ಕಸವನ್ನು ನಾನೇ ಕಿತ್ತುಹಾಕಿದೆ, ಇನ್ನು ಹತ್ತರಲ್ಲಿ ಬೆಳೆಯಲು ಬಿಟ್ಟೆ. ವಾರಕ್ಕೆ ಎರಡು ದಿನ ಬಂದು ಎಲ್ಲ ಚೌಕದ ಹಕ್ಕರಿಕಿಯನ್ನು ಎಣಿಸುವುದು ನನ್ನ ಕೆಲಸ.

ಆ ಹೊಲದ ಹೆಣ್ಣಾಳುಗಳ ಮುಂದಾಳು ಐವತ್ತು ದಾಟಿದ ಒಬ್ಬ ಹೆಂಗಸು. ಯಾರ ಹೊಲಕ್ಕೆ ಎಷ್ಟು ಜನ, ಯಾವ ದಿನ ಎನ್ನುವುದನ್ನೆಲ್ಲ ಅವಳೇ ನಿರ್ಧರಿಸುತ್ತಿದ್ದಳು. ಅವಳು ಬರುತ್ತೇನೆಂದರೆ ಸಾವುಕಾರರು ಹೊಲಕ್ಕೆ ಬಂದು ನಿಂತು ನೋಡುವ ಅಗತ್ಯವೇ ಇರಲಿಲ್ಲ. ನಾನು ಅವಳನ್ನು ಚಿಗವ್ವ ಎಂದೆ, ಅವಳು ನನ್ನನ್ನು ಸಾಲಿ ಕಲಿಸುವವರನ್ನು ಕರೆಯುವಂತೆ ಅಕ್ಕೋರ ಎಂದಳು. ಮೊದಲ ದಿನವೇ ಅವಳಿಗೆ ತಾಕೀತು ಮಾಡಿದೆ.

"ಚಿಗವ್ವಾ, ಗೂಟ ಅಳಗಾಡಿಸಬ್ಯಾಡ್ರಿ, ಇದರೊಳಗಿನ ಕಸಾ ಯಾರೂ ಕೀಳಬ್ಯಾಡ್ರಿ."

"ಇಲ್ಲ ಬಿಡ್ರಿ ಅಕ್ಕೋರ. ನಾ ಇರೂತನಕ ಒಂದ ಕಡ್ಡಿ ಅಳಗಾಡೂದಿಲ್ಲ."

ಮಧ್ಯಾಹ್ನ ಬೇವಿನ ಗಿಡದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದರು. ನಾನು ಚಪಾತಿ, ಬಟಾಟಿ ಪಲ್ಯ ತಂದಿದ್ದೆ. ಚಿಗವ್ವ ನನ್ನ ಡಬ್ಬಿಯ ಮುಚ್ಚಳಕ್ಕೆ ಒಂದು ಹಿಡಿ ಹಕ್ಕರಿಕಿ, ಅದರ ಪಕ್ಕ ಹಿಂಡಿ ಹಾಕಿದಳು. ತಿಂದು ನಾನು ಖುಷಿಯಲ್ಲಿ, "ಇಂಥಾ ಎಳೇದು ನಾ ಎಂದೂ ತಿಂದಿಲ್ಲ ಚಿಗವ್ವಾ, ನಮ್ಮೂರ ಸಂತ್ಯಾಗ ಬರೂದು ಬರೇ ನಾರು" ಎಂದೆ. ಅವಳ ಮುಖ ಅರಳಿತು. ಅವತ್ತಿನಿಂದ ನಾನು ಹೋದ ಪ್ರತಿ ದಿನವೂ ನನ್ನ ಪಾಲಿನ ಹಕ್ಕರಿಕಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ತಯಾರಿರುತ್ತಿತ್ತು.

ನಾನು ಗಜೇಂದ್ರಗಡದಿಂದ ಬಸ್ಸು ಹಿಡಿದು ಹೊಲ ಮುಟ್ಟುವಾಗ ಹನ್ನೊಂದಾಗುತ್ತಿತ್ತು, ಆಳುಗಳು ಬೆಳಗಿನ ಏಳಕ್ಕೇ ಬಂದಿರುತ್ತಿದ್ದರು. ನಾನು ಎಣಿಸಿದೆ, ಬರೆದೆ, ಉಂಡೆ, ಸಂಜೆ ಬಸ್ಸಿಗೆ ಹೋದೆ. ಎರಡು ತಿಂಗಳಲ್ಲಿ ಲೆಕ್ಕ ಕಣ್ಣಿಗೆ ಕಾಣುವಂತೆ ಬದಲಾಯಿತು. ಕಸ ಕಿತ್ತ ಚೌಕಗಳಲ್ಲಿ ಹಕ್ಕರಿಕಿ ದಂಡಿಯಾಗಿತ್ತು, ಕಸ ಬಿಟ್ಟ ಚೌಕಗಳಲ್ಲಿ ಹೂಬಿಟ್ಟ ನಾಲ್ಕಾರು ಹಳೆಯ ಗಿಡಗಳು ಮಾತ್ರ ಉಳಿದಿದ್ದವು. ಎಳೆಯವು ಒಂದೂ ಇರಲಿಲ್ಲ. ನಾನು ಅದಕ್ಕೆ ದೊಡ್ಡ ವಿವರಣೆ ಹೊಸೆದೆ. ಕಾಂಗ್ರೆಸ್ ಕಸದ ಬೇರು ಮಣ್ಣಿಗೆ ವಿಷ ಬಿಡುತ್ತದೆ, ಮುಂಚೆ ಬೇರೂರಿದ ಗಿಡ ತಾಳಿಕೊಳ್ಳುತ್ತದೆ, ಸಸಿ ತಾಳದೆ ಸಾಯುತ್ತದೆ ಎಂದು ಬರೆದೆ. ಸತ್ತ ಸಸಿಯೊಂದನ್ನೂ ನಾನು ಕಂಡಿರಲಿಲ್ಲ. ಕಾಣದ್ದಕ್ಕೂ ಕಾರಣ ಬರೆದೆ.

ಆ ದಿನಗಳಲ್ಲಿ ಚಿಗವ್ವನ ಮುಂಗೈ ತುಂಬ ಕೆಂಪು ಗಂದೆ ಎದ್ದಿದ್ದವು. ಇದೇನು ಎಂದು ಕೇಳಿದೆ.

"ಕಾಂಗ್ರೆಸ್ ಕಸದ ತುರಿಕಿ ಬಿಡ್ರಿ. ಕೊಬ್ರಿ ಎಣ್ಣಿ ಹಚ್ಚಿದ್ರ ಹೋಗತೈತಿ."

ಹೊಲದ ಕಾಂಗ್ರೆಸ್ ಕಸವನ್ನೆಲ್ಲ ಎಂದೋ ತೆಗೆದಾಗಿತ್ತು. ಅದು ಉಳಿದಿದ್ದು ನನ್ನ ಹತ್ತು ಚೌಕಗಳಲ್ಲಿ ಮಾತ್ರ. ಹಾಗಾದರೆ ಅವಳ ಕೈಗೆ ತುರಿಕೆ ಎಲ್ಲಿಂದ ಬಂತು ಎಂದು ಒಂದನೇ ಇಯತ್ತೆಯ ಹುಡುಗರೂ ಕೇಳುತ್ತಿದ್ದರು. ಸಂಶೋಧನೆಗೆಂದು ವಿದ್ಯಾರ್ಥಿವೇತನ ಪಡೆಯುವ ನಾನು ಕೇಳಲಿಲ್ಲ.

ಬೇಸಿಗೆಯಲ್ಲಿ ಆ ಗ್ರಾಫನ್ನು ಧಾರವಾಡದ ಒಂದು ವಿಚಾರಗೋಷ್ಠಿಯಲ್ಲಿ ತೋರಿಸಿದೆ. ಚಪ್ಪಾಳೆ ಬಿತ್ತು. ನನ್ನ ಮಾರ್ಗದರ್ಶಕ ಸರ್ ಎಲ್ಲರೆದುರು, "ಇಷ್ಟು ಸ್ವಚ್ಛವಾದ ಫಲಿತಾಂಶ ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ" ಎಂದರು. ಊರಿಗೆ ಬಂದು ಅಂಗಡಿಯಲ್ಲಿ ಅಪ್ಪನ ಗಿರಾಕಿಗಳಿಗೂ ಅದನ್ನು ಹೇಳಿಕೊಂಡೆ.

ಎರಡನೆಯ ಚಳಿಗಾಲ ಅದೇ ಚೌಕ, ಅದೇ ಗೂಟ. ಒಂದು ದಿನ ಅಪ್ಪನ ಅಂಗಡಿಗೆ ಮಾಲು ತಂದ ಗಾಡಿಯವರು ಅಬ್ಬಿಗೇರಿಯ ಪಕ್ಕದ ನರೇಗಲ್ಲಿನ ತನಕ ಬಿಡುತ್ತೇವೆಂದರು. ಹಾಗಾಗಿ ಎಂಟು ಗಂಟೆಗೇ ಹೊಲ ಮುಟ್ಟಿದೆ. ಚಿಗವ್ವ ನನ್ನ ಏಳನೆಯ ಚೌಕದ ಹಗ್ಗದೊಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಎರಡೂ ಕೈ ಕಾಂಗ್ರೆಸ್ ಕಸದ ಬುಡದಲ್ಲಿದ್ದವು. ಸೆರಗಿನ ಉಡಿಯಲ್ಲಿ ಹಕ್ಕರಿಕಿ ತುಂಬಿತ್ತು.

"ಅಯ್ಯ, ಅಕ್ಕೋರ! ಇವತ್ತ ಭಾಳ ಲಗೂ ಬಂದ್ರಲ್ಲ!" ಎಂದಳು. ಅವಳ ಮುಖದಲ್ಲಿ ಸಿಕ್ಕಿಬಿದ್ದ ಭಾವ ಏನೇನೂ ಇರಲಿಲ್ಲ. ಸಂತೋಷವಿತ್ತು.

"ಇದರೊಳಗಿಂದ ಯಾಕ ಚಿಗವ್ವಾ?"

"ಹೊಲದಾಗಿಂದೆಲ್ಲಾ ಎಡಿಕುಂಟಿ ಹೊಡದಾಗ ಕಸದ ಜೋಡಿ ಹೋತಲ್ರಿ. ಇಲ್ಲೊಂದ ಉಳದೈತಿ. ಅದರಾಗೂ ಈ ಕಸದ ಬುಡಕ ನೆರಳಿಗೆ ಇರೂದು ಎಳೇದು, ಕಹಿ ಇರೂದಿಲ್ಲ. ಆ ಕಡೀ ಚೌಕದಾಗ ಬಿಸಲಿಗೆ ನಾರ ಆಗೈತಿ. ನಿಮಗ ನಾರ ಹಾಕಲೇನ್ರಿ?"

"ಹೋದ ವರ್ಷಾನೂ ಇಲ್ಲಿಂದನ ತಂದಿದ್ದೇನು?"

"ಹೌದ್ರಿ ಮತ್ತ. ನೀವ ಚಲೋ ಐತಿ ಅಂದ ದಿನದಿಂದ. ಕಸಾ ಒಂದ ಎಳಿ ಕಿತ್ತಿಲ್ರಿ, ಗೂಟ ಮುಟ್ಟಿಲ್ಲ. ಹೂವ ಆಗಿದ್ದೂ ಮುಟ್ಟಿಲ್ಲ, ಅದು ಬೀಜಕ್ಕ ಇರಬೇಕಲ್ರಿ."

ನಾನು ಹೇಳಿದ್ದನ್ನೆಲ್ಲ ಅವಳು ಅಕ್ಷರಶಃ ಪಾಲಿಸಿದ್ದಳು. ಸೊಪ್ಪು ಚಿವುಟಬೇಡಿ ಎಂದು ನಾನು ಹೇಳಿರಲಿಲ್ಲ, ಹೊಳೆದಿರಲಿಲ್ಲ. ಹಕ್ಕರಿಕಿಯ ಸಸಿಗಳನ್ನು ವಿಷ ಕೊಂದಿರಲಿಲ್ಲ. ನಾನು ಉಂಡಿದ್ದೆ, ಹಿಂಡಿ ಹಚ್ಚಿಕೊಂಡು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅಲ್ಲೇ ಅವಳಿಗೆ "ಇನ್ನು ಮುಂದೆ ಇಲ್ಲಿ ಚಿವುಟಬೇಡ" ಎನ್ನಬಹುದಿತ್ತು. ಹಾಗೆ ಹೇಳಿದರೆ ಕಸದ ಕೆಳಗೂ ಹಕ್ಕರಿಕಿ ಚೆನ್ನಾಗಿ ಬರುತ್ತದೆ, ಹೋದ ವರ್ಷದ ಗ್ರಾಫ್ ಬಿದ್ದುಹೋಗುತ್ತದೆ, ಚಪ್ಪಾಳೆ ಹೊಡೆದವರೆದುರು ನಾನು ದಡ್ಡಿಯಾಗುತ್ತೇನೆ ಎಂದು ನನಗೆ ಆ ಕ್ಷಣಕ್ಕೇ ತಿಳಿಯಿತು. ಸಾಮಾನ್ಯವಾಗಿ ನನ್ನ ಬುದ್ಧಿ ಅಷ್ಟು ಚುರುಕಲ್ಲ. ನಾನು ನಕ್ಕು, "ಆತು ಬಿಡ ಚಿಗವ್ವಾ" ಎಂದೆ. ಮಧ್ಯಾಹ್ನ ಅವಳು ಹಾಕಿದ್ದನ್ನು ಉಂಡೆ, ಆಮೇಲೆ ಅದೇ ಚೌಕಕ್ಕೆ ಹೋಗಿ ಉಳಿದದ್ದನ್ನು ಎಣಿಸಿ ಬರೆದುಕೊಂಡೆ. ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಜನ ಕೆಟ್ಟದಾಗಿ ಮಾತನಾಡುತ್ತಾರೆ. ನನಗಿಂತ ಅವರು ಎಷ್ಟೋ ವಾಸಿ.

ಮೂರು ವಾರದ ನಂತರ ಸರ್ ಹೊಲ ನೋಡಲು ಬಂದರು. ಸಾವುಕಾರರೂ ಜೊತೆಗಿದ್ದರು. ಸರ್ ಮೊಣಕಾಲೂರಿ ಕಸವನ್ನು ಬದಿಗೆ ಸರಿಸಿದರು. ಬೆಳಿಗ್ಗೆ ಚಿವುಟಿದ ತೊಟ್ಟುಗಳ ಮೇಲೆ ಹಾಲು ಇನ್ನೂ ಬೆಳ್ಳಗೆ ನಿಂತಿತ್ತು.

"ಇದನ್ನು ಯಾರು ಚಿವುಟಿದ್ದು?" ಎಂದು ನನ್ನನ್ನು ಕೇಳಿದರು.

"ಗೊತ್ತಿಲ್ಲ ಸರ್. ಆಳುಗಳಿರಬೇಕು," ಎಂದೆ.

ಸಾವುಕಾರರಿಗೆ ತಮ್ಮ ಹೊಲದಲ್ಲಿ ದೊಡ್ಡ ಸಂಶೋಧನೆ ನಡೆಯುತ್ತಿದೆ ಎನ್ನುವ ಹೆಮ್ಮೆಯಿತ್ತು. ಹೊರಗಿನ ದೊಡ್ಡ ಮನುಷ್ಯರೆದುರು ಅದು ಕೆಟ್ಟಿತೆಂದು ಅವರ ಮೋರೆ ಕಪ್ಪಾಯಿತು. ಹತ್ತು ಹೆಜ್ಜೆ ದೂರದಲ್ಲಿ ಕಸ ತೆಗೆಯುತ್ತಿದ್ದ ಹೆಂಗಸರತ್ತ ತಿರುಗಿ, "ಯಾರಬೇ ಇದರಾಗ ಕೈ ಹಾಕಿದಾಕಿ?" ಎಂದು ಕೂಗಿದರು.

ಚಿಗವ್ವ ಎದ್ದು ನಿಂತಳು. "ನಾನ್ರಿ ಸಾವ್ಕಾರ."

"ನಿಮಗ ಹೇಳಿ ಚೂಟ್ಯಾಳೇನ್ರಿ ಅಕ್ಕೋರ?" ಎಂದು ಅವರು ನನ್ನನ್ನು ಕೇಳಿದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಚಿಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅನುಮಾನವೇ ಇರಲಿಲ್ಲ, ಅಕ್ಕೋರು ಈಗ ಹೇಳುತ್ತಾರೆ ಎಂದು ಕಾಯುತ್ತಿದ್ದಳು. ನಾನು ಕೈಯಲ್ಲಿದ್ದ ಎಣಿಕೆಯ ಪುಸ್ತಕದ ಹಾಳೆ ತಿರುವಿದೆ.

"ಇಲ್ರಿ," ಎಂದೆ.

"ಮುಂದಾಳಂತ ನಂಬಿದ್ರ ಕಳ್ಳಗೈ ಆತಲ್ಲಬೇ ನಿಂದು! ನಾಳಿಯಿಂದ ನಮ್ಮ ಹೊಲದಾಗ ಕಾಲ ಇಡಬ್ಯಾಡ."

ಚಿಗವ್ವ ಬೇವಿನ ಗಿಡದ ಕೆಳಗಿದ್ದ ತನ್ನ ಬುತ್ತಿ ಗಂಟು ಎತ್ತಿಕೊಂಡಳು. ಅದರ ಪಕ್ಕದಲ್ಲಿದ್ದ ಒದ್ದೆ ಬಟ್ಟೆಯ ಸಣ್ಣ ಗಂಟನ್ನು ಅಲ್ಲೇ ಬಿಟ್ಟು ಬದುವಿನ ಮೇಲೆ ನಡೆದುಹೋದಳು. ಸರ್ ಏನೂ ಗಮನಿಸದೆ, "ಈ ವರ್ಷದ ಲೆಕ್ಕ ಕೆಟ್ಟಿತು. ಹೋದ ವರ್ಷದ್ದು ಸರಿಯಿದೆ ತಾನೇ?" ಎಂದರು. ಸರಿಯಿದೆ ಸರ್ ಎಂದೆ. ಒಂದೇ ಗಳಿಗೆಯಲ್ಲಿ ಮೂರು ಸುಳ್ಳು. ಮೂರೂ ಸಲೀಸಾಗಿ ಬಂದವು.

"ಇವರೇ ಉಂಡಾರ" ಎಂದು ಅವಳು ಯಾಕೆ ಹೇಳಲಿಲ್ಲ ಎಂದು ನಾನು ಬಹಳ ದಿನ ಯೋಚಿಸಿದೆ. ಹೇಳಿದ್ದರೆ ನಾನು ಉಳಿಯುತ್ತಿರಲಿಲ್ಲ. ಕೊನೆಗೆ ಅದೇ ಗುಂಪಿನ ಒಬ್ಬ ಹೆಂಗಸು ನರೇಗಲ್ಲಿನ ಬಸ್ಸಿನಲ್ಲಿ ಸಿಕ್ಕಾಗ ಅಳುಕುತ್ತಲೇ ಕೇಳಿದೆ. ಅವಳು ನನ್ನನ್ನು ತಿಳಿವಳಿಕೆ ಇಲ್ಲದವಳಂತೆ ನೋಡಿದಳು.

"ಉಣಿಸಿದ್ದ ಯಾರರ ಆಡಿ ತೋರಸ್ತಾರೇನ್ರಿ ಅಕ್ಕೋರ? ಬಾಯಾಗ ಹುಳಾ ಬೀಳತಾವು."

ಚಿಗವ್ವ ಊರು ಬಿಟ್ಟದ್ದನ್ನೂ ಅವಳೇ ಹೇಳಿದಳು. ಸಾವುಕಾರರು ಅಂದ ಮಾತು ಸುತ್ತಿನ ಹೊಲಗಳಿಗೆಲ್ಲ ಹಬ್ಬಿತ್ತು. ಕೈ ಸರಿಯಿಲ್ಲ ಎಂದು ಹೆಸರು ಬಂದ ಮುಂದಾಳನ್ನು ಯಾರೂ ಕರೆಯಲಿಲ್ಲ. ಗಂಡ ಇಲ್ಲದ ಅವಳು ಮನೆಗೆ ಬೀಗ ಹಾಕಿಕೊಂಡು ಚಿಕ್ಕನರಗುಂದಕ್ಕೆ ಮಗಳ ಮನೆಗೆ ಹೋಗಿದ್ದಳು. ಕೊಟ್ಟ ಮಗಳ ಮನೆಯಲ್ಲಿ, ಬೀಗರ ಕಣ್ಣೆದುರು ತುತ್ತು ಎತ್ತುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಎಷ್ಟು ಕಷ್ಟವೆಂದು ನನಗೂ ಗೊತ್ತು.

ಆಮೇಲೆ ಎಲ್ಲವೂ ನನಗೆ ಚೆನ್ನಾಗಿಯೇ ನಡೆಯಿತು. ಪ್ರಬಂಧ ಒಪ್ಪಿಸಿದೆ, ಪದವಿ ಬಂತು, ರೋಣದಲ್ಲಿ ಕಾಲೇಜಿನ ಕೆಲಸ ಸಿಕ್ಕಿತು. ಯಾರಾದರೂ ಪ್ರಬಂಧದ ಹೆಸರೆತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಅಷ್ಟೇ.

ಒಂದು ವರ್ಷ ಮನಸ್ಸು ತಡೆಯದೆ ಮಾಳಿಗೆಯ ಮೇಲೆ ಕುಂಡಗಳಲ್ಲಿ ಹಕ್ಕರಿಕಿ ಹಾಕಿದೆ. ಒಂದು ಸಾಲಿಗೆ ಅಬ್ಬಿಗೇರಿಯ ಹೊಲದ ಬೀಜ, ಇನ್ನೊಂದಕ್ಕೆ ಯಾರೂ ಸೊಪ್ಪು ಚಿವುಟಲು ಹೋಗದ ಗಜೇಂದ್ರಗಡದ ಗುಡ್ಡದ ಓರೆಯ ಬೀಜ. ಒಂದೇ ಮಣ್ಣು, ಒಂದೇ ನೀರು. ಹೊಲದ ಬೀಜದ ಗಿಡಗಳು ಇನ್ನೂ ಸಣ್ಣವಿದ್ದಾಗಲೇ ಹೂಬಿಟ್ಟವು, ಗುಡ್ಡದವು ಬಹಳ ತಡವಾಗಿ. ಹೂವಾದದ್ದನ್ನು ಮುಟ್ಟದ ಹೆಂಗಸರ ಬೆರಳು ತಲೆಮಾರುಗಳಿಂದ ಬೇಗ ಹೂಬಿಡುವ ಗಿಡಗಳನ್ನೇ ಉಳಿಸುತ್ತ ಬಂದಿರಬೇಕು, ಅದು ಬೀಜದೊಳಗೇ ಇಳಿದಿರಬೇಕು. ನಾಲ್ಕು ಕುಂಡದಿಂದ ಇದನ್ನು ಸಾಧಿಸಲಾಗದು. ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇದೇ ಆಗಿತ್ತು. ಹೊಲದಲ್ಲಿ ಯಾವ ಗಿಡ ಉಳಿಯಬೇಕೆಂದು ತೀರ್ಮಾನಿಸುತ್ತಿದ್ದವರು ನನ್ನ ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದರು, ನಾನು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೂವನ್ನು ನೋಡಿ ನನಗೆ ಅಳು ಬಂತು. ಅತ್ತು, ಕೆಳಗಿಳಿದು ಕಾಲೇಜಿಗೆ ಹೋದೆ.

ಕಳೆದ ಚಳಿಗಾಲ, ಅವಳು ಹೊಲ ಬಿಟ್ಟು ನಾಲ್ಕು ವರ್ಷವಾದ ಮೇಲೆ, ಚಿಕ್ಕನರಗುಂದಕ್ಕೆ ಹೋದೆ. ಅಲ್ಲಿಯ ಹಕ್ಕರಿಕಿಯ ಎಲೆ ಬೇಕೆಂದು ಮನೆಯಲ್ಲಿ ಹೇಳಿದ್ದೆ. ಚಿಗವ್ವ ಮಗಳ ಮನೆಯ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಕೂರುವ ಮೊದಲೇ, ನಿಂತುಕೊಂಡೇ, ಅವತ್ತು ಹೊಲದಲ್ಲಿ ಆಡಿದ ಸುಳ್ಳನ್ನು ಒಪ್ಪಿಕೊಂಡುಬಿಟ್ಟೆ. ತಪ್ಪು ನನ್ನದು, ಕಾಲಿಗೆ ಬೀಳುತ್ತೇನೆ ಎಂದೆ. ಬಾಗಲು ಹೋದರೆ ಅವಳು ಮೊರ ಅಡ್ಡ ಹಿಡಿದಳು.

"ಇಲ್ಲಿ ಬೀಳಬ್ಯಾಡ್ರಿ. ಹೊಲದಾಗ ಆಡಿದ ಮಾತ ಹೊಲದಾಗನ ತಗೀಬೇಕ್ರಿ ಅಕ್ಕೋರ. ಇಲ್ಲಿ ಅಂದ್ರ ಈ ಗ್ವಾಡಿಗೆ ಕೇಳತೈತಿ ಅಷ್ಟ."

ಮುಂದಿನ ಭಾನುವಾರ ಇಬ್ಬರೂ ನರಗುಂದದಿಂದ ರೋಣಕ್ಕೆ, ರೋಣದಿಂದ ಅಬ್ಬಿಗೇರಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಒಗೆದ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಹೊಲದಲ್ಲಿ ಸಾವುಕಾರರಿದ್ದರು, ಕಸ ತೆಗೆಯುವ ಹೆಂಗಸರಿದ್ದರು. ಎಲ್ಲರಿಗೂ ಕೇಳುವಂತೆ ಹೇಳಿದೆ. ಆಕೆ ಚಿವುಟಿದ್ದು ನನಗೆ ಗೊತ್ತಿತ್ತು, ಚಿವುಟಿದ್ದನ್ನು ಉಂಡವಳು ನಾನು, ಅವತ್ತು ಇಲ್ಲ ಎಂದದ್ದು ಸುಳ್ಳು ಎಂದೆ.

ಸಾವುಕಾರರು ಸ್ವಲ್ಪ ಹೊತ್ತು ನೆನಪಿಸಿಕೊಂಡು ಜೋರಾಗಿ ನಕ್ಕರು. "ಹಕ್ಕರಿಕಿ ಸಂಬಂಧ ಇಷ್ಟ ದೂರ ಬಂದ್ರೇನ್ರಿ? ನಾ ಮರತ ಬಿಟ್ಟಿದ್ದೆ. ಅವತ್ತ ಸಂಜಿ ಒಂದ ಫೋನ್ ಮಾಡಿದ್ರ ಮುಗೀತಿತ್ತಲ್ರಿ!" ಆಮೇಲೆ ಚಿಗವ್ವನ ಕಡೆ ತಿರುಗಿ, "ನಾಳಿಯಿಂದ ಬಾರಬೇ. ಮುಂದಾಳ ಈಗ ಬ್ಯಾರೇದಾಕಿ ಅದಾಳ, ಆಕಿ ಕೈಕೆಳಗ ಬಾ" ಎಂದರು.

"ಆತ್ರಿ," ಎಂದಳು ಚಿಗವ್ವ. ಹೊಸ ಮುಂದಾಳು, ಅವಳಿಗಿಂತ ಎಷ್ಟೋ ಚಿಕ್ಕವಳು, ಕಸ ತೆಗೆಯುವ ಕುರುಪಿ ಹಿಡಿದು ನಿಂತು ಎಲ್ಲವನ್ನೂ ಕೇಳಿಸಿಕೊಂಡು ಮತ್ತೆ ಕೆಲಸಕ್ಕೆ ಬಗ್ಗಿದಳು.

ಚಿಗವ್ವ ತನ್ನ ಮನೆಯ ಬೀಗ ತೆಗೆಯುವುದಕ್ಕಿಂತ ಮೊದಲು ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಳು. ಬೇಡವೆಂದರೂ ಕೇಳಲಿಲ್ಲ. ಪ್ರಬಂಧದ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಅದು ಇನ್ನೂ ಹಾಗೆಯೇ ಇದೆ, ವಿಶ್ವವಿದ್ಯಾಲಯಕ್ಕೆ ಬರೆಯಬೇಕೆಂದಿರುವ ಪತ್ರ ಮೇಜಿನ ಖಾನೆಯಲ್ಲಿದೆ. ಬಸ್ಸು ತಡವಾಗಿತ್ತು. ಇಬ್ಬರೂ ಕಟ್ಟೆಯ ಮೇಲೆ ಕೂತೆವು.

"ಒಂದ ಕೇಳಲೇನ್ರಿ ಅಕ್ಕೋರ? ಬೈಯಾಕಲ್ಲ ಮತ್ತ," ಎಂದಳು.

"ಕೇಳ ಚಿಗವ್ವಾ."

"ಇಷ್ಟ ವರ್ಷ ಯಾಕ ತಡಾ ಮಾಡಿದ್ರಿ?"

ನೀ ಎಲ್ಲಿದ್ದೀ ಗೊತ್ತಿರಲಿಲ್ಲ, ಆರಾಮಿರಲಿಲ್ಲ, ಹೀಗೆ ನಾಲಿಗೆಯ ತುದಿಗೆ ಎರಡು ಮೂರು ಮಾತು ಬಂದವು. ಆ ಹೊಲದ ಸಮೀಪ ಇನ್ನೊಂದು ಸುಳ್ಳು ಹೇಳುವ ಧೈರ್ಯವಾಗಲಿಲ್ಲ.

"ನೌಕರಿ ಕಾಯಂ ಆಗಿರಲಿಲ್ಲ ಚಿಗವ್ವಾ. ಮೊದಲ ಹೇಳಿದ್ರ ಹೋಗತಿತ್ತು. ಕಾಯಂ ಆಗಲಿ ಅಂತ ಕಾದೆ."

ಅವಳು ಬಸ್ಸು ಬಂತೇನೋ ಎಂದು ರಸ್ತೆಯತ್ತ ಬಗ್ಗಿ ನೋಡಿದಳು.

"ಈಗ ಆತೇನ್ರಿ ಕಾಯಂ?"

"ಆತು."

"ಚಲೋ ಆತ ಬಿಡ್ರಿ," ಎಂದಳು. ಅವಳ ದನಿಯಲ್ಲಿ ಕೊಂಕಿಗಾಗಿ ಹುಡುಕಿದೆ, ಇದ್ದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಇರಲಿಲ್ಲ. "ನನ್ನ ಕೈಲೆ ಚೂಟಿದ್ದಕ್ಕ ನಿಮ್ಮ ಓದ ಎಲ್ಲಿ ಕೆಟ್ಟತೋ ಅಂತ ನಾಲ್ಕ ವರ್ಷದಿಂದ ನನಗ ಅದ ಒಂದ ಚಿಂತಿ ಆಗಿತ್ರಿ."